ಶಾಕಪ್ ಕಾಕಾ

ವಾಡಿ ಜಂಕ್ಷನ್ನಿನಿಂದ ಚಿತ್ತಾಪುರ, ಸೇಡಂಗಳನ್ನು ಹಾದು ಚಿಂಚೋಳಿಯವರೆಗೆ ಯಾವ ಊರಿನಲ್ಲಿ ಇಳಿದು ವಿಚಾರಿಸಿದರೂ, ಗೇರ್ ಸೈಕಲ್ಲಿನ ಮುಂದಿನ ಶಾಕಪ್ಪನ್ನು ಮನೆಯಂಗಳದಲ್ಲಿಯೇ ಬಿಚ್ಚಿ ಹರಡಿಕೊಂಡು ಕುಳಿತಿರುವ ಮಹನೀಯರೊಬ್ಬರು ದೊರೆಯದೆ ಇರಲಾರರು. ಓಣಿಯ ಹುಡುಗರಿಗೆ ಅವರು ಕಾಕಾ. ಮನೆಯವರಿಗೆ ಅವರು ಹಾದಿಗೆ ಅಡ್ಡವಾಗಿ ಕುಳಿತವರು. ಇವರಲ್ಲಿ ವಾಡಿಯ ಕಾಕಾ ಅತ್ಯಂತ ಪರಿಪಕ್ವವಾದ ಮಾದರಿ. 1968ರಲ್ಲಿ ಆರಂಭವಾದ ಎಸಿಸಿ ಕಾರ್ಖಾನೆಯ ನೆರಳಿನಲ್ಲಿ ಬೆಳೆದು, ಸಿಮೆಂಟಿನ ಗೂಡು ಹಗಲಿರುಳೆನ್ನದೆ ತಿರುಗುವಂತೆ ನೋಡಿಕೊಂಡ ಫಿಟ್ಟರನಿಗೆ ನಿವೃತ್ತಿಯೆಂಬುದು ಎಂತಹ ಶಿಕ್ಷೆಯೆಂಬುದನ್ನು ಬಲ್ಲವರು ಮಾತ್ರ, ನೆರೆಮನೆಯ ಬಾಲಕನು "ಕಾಕಾ, ಶಾಕಪ್ ಕಿರ್ ಕಿರ್ ಅನ್ಲಿಕತ್ತದ" ಎಂದಾಗ ಅವರ ಮುಖದಲ್ಲಿ ಮೂಡುವ ಆನಂದವನ್ನು ಅರ್ಥಮಾಡಿಕೊಳ್ಳಬಲ್ಲರು.

ಪರೀಕ್ಷೆಯಲ್ಲಿ ಅವರು ನಿಪುಣರೆಂಬುದನ್ನು ಒಪ್ಪಲೇಬೇಕು. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ. ಹ್ಯಾಂಡಲಿನ ಕೆಳಗಣ ಬೇರಿಂಗಿನ ಸಂಧಿಯಲ್ಲಿ ಬೆರಳಿಟ್ಟು ಆಟವನ್ನು ಅರಸುತ್ತಾರೆ. ಅಲ್ಲಿ ಕಾಣದಿದ್ದರೆ ಹೊಳೆಯುವ ಕೊಳವೆ ಕೆಳಗಿನ ಕಾಲಿನೊಳಗೆ ಇಳಿಯುವೆಡೆಯಲ್ಲಿ ಬೆರಳಿಡುತ್ತಾರೆ. ಮೊದಲನೆಯ ಕಡೆ ಅಲುಗಿದರೆ ಬಿಗಿದರಾಯಿತು, ಎರಡನೆಯ ಕಡೆ ಅಲುಗಿದರೆ ಒಳಗಿನ ಬುಶ್ ಸವೆದಿದೆಯೆಂದೇ ಅರ್ಥ. ಈ ಸೀಮೆಯಲ್ಲಿ ಅದು ಸವೆಯದೆ ಇರುವುದಾದರೂ ಹೇಗೆ? ಶಹಾಬಾದದ ಪರ್ಸಿ ಹಾಸುಗಲ್ಲು ಕೊಯ್ಯುವ ಯಂತ್ರಗಳ ಪುಡಿಯೂ ಸುಣ್ಣಕಲ್ಲಿನ ಗಣಿಗಳ ಧೂಳಿಯೂ ಕೊಳವೆಗೆ ಅಂಟಿ, ಪ್ರತಿಯೊಂದು ಕುಲುಕಿಗೂ ರಬ್ಬರಿನ ಅಂಚಿನಡಿ ನುಸುಳಿ, ಗ್ರೀಸಿನೊಡನೆ ಬೆರೆತು ಸಾಣೆಯ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಈ ಕಾರ್ಯಕ್ಕೆ ಕೈಜೋಡಿಸುತ್ತದೆ. ಸವಾರಿ ಮುಗಿದೊಡನೆ ಒಣಬಟ್ಟೆಯಿಂದ ಕೊಳವೆಯನ್ನು ಒರೆಸಿಟ್ಟರೆ ಶಾಕಪ್ಪಿನ ಅರ್ಧಾಯುಷ್ಯ ಉಳಿದಂತೆಯೇ. ಆದರೆ ಬಟ್ಟೆಯಿಂದ ಒರೆಸುವಷ್ಟಕ್ಕೆ ಕಾಕಾ ಏಕೆ ಬೇಕು?

ಆದ್ದರಿಂದ ಬಿಚ್ಚಲೇಬೇಕು. "ಒಳಗ ಎಣ್ಣಿ ಮುಗದದ" ಎಂಬ ತೀರ್ಪು ಪಾನಾ ಕೈಗೆ ಬರುವುದಕ್ಕೆ ಮೊದಲೇ ಹೊರಬೀಳುತ್ತದೆ. ಎಣ್ಣೆಯ ವಿಷಯದಲ್ಲಿ ಅವರಿಗೆ ಇತಿಹಾಸದ ಬೆಂಬಲವೂ ಉಂಟು. 1989ರಲ್ಲಿ ಅಮೆರಿಕೆಯ ಪಾಲ್ ಟರ್ನರ್ ಮತ್ತು ಸ್ಟೀವ್ ಸೈಮನ್ಸ್ ಹೊರತಂದ ರಾಕ್‌ಶಾಕ್ಸ್ ಫೋರ್ಕು, ಅಂದರೆ ಶಾಕಪ್ಪು, ಗಾಳಿ ಮತ್ತು ಎಣ್ಣೆಗಳಿಂದಲೇ ನಡೆಯುತ್ತಿತ್ತೆಂಬುದನ್ನೂ, 1992ರ ಪ್ಯಾರಿಸ್–ರೂಬೇ ಪಂದ್ಯವನ್ನು ಅದೇ ಕಂಪನಿಯ ಫೋರ್ಕಿನ ಸೈಕಲ್ಲು ಗೆದ್ದಿತೆಂಬುದನ್ನೂ ಮೊಮ್ಮಗನಿಂದ ಕೇಳಿ ತಿಳಿದಿದ್ದಾರೆ. ಆ ಪಂದ್ಯದ ದಾರಿಯ ಉಬ್ಬುಕಲ್ಲುಗಳ ಚಿತ್ರವನ್ನು ನೋಡಿ ಅವರಾಡಿದ ಮಾತು ಓಣಿಯಲ್ಲಿ ಪ್ರಸಿದ್ಧವಾಗಿದೆ: "ನಮ್ಮ ಶಹಾಬಾದ ಪರ್ಸಿ ಹಾಸಿದ್ರ ಅವರಿಗೆ ಶಾಕಪ್ಪೇ ಬೇಕಾಗ್ತಿದ್ದಿಲ್ಲ." ಕಾಲಿನ ತಳದ ಬೋಲ್ಟುಗಳನ್ನು ಸಡಿಲಿಸಿ, ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಾಲುಗಳನ್ನು ಎಳೆದು ನೋಡಿದರೆ ಒಳಗೆ ಒಂದು ಸ್ಪ್ರಿಂಗು, ಒಂದು ರಬ್ಬರಿನ ತುಂಡು, ಒಂದಿಷ್ಟು ಕಪ್ಪು ಗ್ರೀಸು; ಅಗ್ಗದ ಸೈಕಲ್ಲಿನ ಆ ಫೋರ್ಕಿನಲ್ಲಿ ತೊಟ್ಟು ಎಣ್ಣೆ ಎಂದೂ ಇದ್ದಿಲ್ಲ. ಕಾಕಾ ವಿಚಲಿತರಾಗುವುದಿಲ್ಲ. "ನೋಡಪ, ನಾ ಹೇಳಿದ್ನೆಲ್ಲ? ಒಂದು ಹನಿ ಉಳದಿಲ್ಲ."

ತೀರ್ಪು ಎಂತಹದಾದರೂ ಚಿಕಿತ್ಸೆ ಮಾತ್ರ ನಿರ್ದುಷ್ಟ. ಅಂಗಡಿಯವರಂತೆ ಅವರು ಘಾಸಲೇಟು ಸುರಿಯುವುದಿಲ್ಲ; ಅದು ಇದ್ದ ಗ್ರೀಸನ್ನೂ ತೊಳೆದುಬಿಡುವುದೆಂದು ಬಲ್ಲರು. ಲಾರಿಯ ಗ್ರೀಸು ಕೆಲವು ರಬ್ಬರುಗಳನ್ನು ಉಬ್ಬಿಸುವುದರಿಂದ ಅದನ್ನೂ ಹತ್ತಿರ ಸೇರಿಸುವುದಿಲ್ಲ. ಮನೆಯಾಕೆ ಎತ್ತಿಟ್ಟಿದ್ದ ಹಳೆಯ ಧೋತರವೊಂದು ಆಹುತಿಯಾಗಿ, ಕೊಳವೆ ಕನ್ನಡಿಯಂತಾಗಿ, ಶಾಕಪ್ಪು ಮರುಜನ್ಮವೆತ್ತುವಷ್ಟರಲ್ಲಿ ಬಾಲಕನು ಅಕ್ಕನ ಸೈಕಲ್ಲಿನ ಮೇಲೆ ಟ್ಯೂಷನ್ನಿಗೆ ಹೋಗುವುದನ್ನು ರೂಢಿಮಾಡಿಕೊಂಡಿರುತ್ತಾನೆ.

ದುರಸ್ತಿಯಾದ ಸೈಕಲ್ಲನ್ನೇರಿ ಗೆಳೆಯರೊಡನೆ ಚಿಂಚೋಳಿಯ ಕಾಡಂಚಿನ ಚಂದ್ರಂಪಳ್ಳಿ ಅಣೆಕಟ್ಟಿನವರೆಗೆ ಹೋಗಿಬಂದ ಹುಡುಗ, ಮೈತುಂಬ ಕೆಂಪುಮಣ್ಣು ಮೆತ್ತಿದ್ದ ಅದನ್ನು ಮೋಟಾರು ಸೈಕಲ್ ತೊಳೆಯುವ ಕಡೆಗೆ ಒಯ್ದು, ಶಾಕಪ್ಪಿನ ರಬ್ಬರಿಗೇ ಗುರಿಯಿಟ್ಟು ಗನ್ನಿನಿಂದ ನೀರು ಹೊಡೆಸಿ, ಪಳಪಳಿಸುವ ಸೈಕಲ್ಲನ್ನು ಹೆಮ್ಮೆಯಿಂದ ಕಾಕಾರ ಮುಂದೆ ತಂದು ನಿಲ್ಲಿಸಿದನು. ಮರುದಿನವೇ ಅದು ಮತ್ತೆ ಕಿರ್ ಎಂದಿತು. "ಬುದ್ಧಿ ಅದನೇನಲೇ ನಿಂಗ? ಅಷ್ಟು ಜೋರಿಲೆ ಹೊಡದ್ರ ನೀರು ಒಳಗ ಹೋಗಂಗಿಲ್ಲೇನು?" ಎಂದು ಓಣಿಯ ತುದಿಗೆ ಕೇಳುವಂತೆ ಗದರಿದ ಕಾಕಾ, ಗದರಿಕೆ ಮುಗಿಯುವುದರೊಳಗಾಗಿಯೇ ಅಂಗಳದಲ್ಲಿ ಗೋಣಿತಟ್ಟು ಹಾಸಿ, ಪಾನಾಗಳನ್ನು ಅಳತೆಯ ಅನುಕ್ರಮದಲ್ಲಿ ಜೋಡಿಸಿಟ್ಟು, ಒಳಗೆ ಮುಖಮಾಡಿ ಇನ್ನೊಂದು ಧೋತರ ಕೇಳಿದರು.