ಕಾಲಿನ ಕರೆಂಟು

ನಮ್ಮ ಕಡೆ ಲೈಟ್ ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಬಂದ ಕೂಡಲೇ ಓಣಿಯ ಹುಡುಗರೆಲ್ಲ ‘ಹೋ’ ಎಂದು ಕೂಗುತ್ತಾರೆ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆದಂಡೆಯವರ ಮಳೆಗಾಲದ ಕತ್ತಲೆಯ ಗತ್ತೇ ಬೇರೆ. ಮೇಲೆ ಕೊಯ್ನಾದಲ್ಲಿ 1,900 ಮೆಗಾವ್ಯಾಟ್‌ಗೂ ಮಿಕ್ಕಿ ಕರೆಂಟು ಹುಟ್ಟಿಸುತ್ತಾರಂತೆ. ಹುಟ್ಟಿಸುವ ನೀರು ಬಹುಪಾಲು ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತದೆ. ನಮ್ಮ ಪಾಲಿಗೆ ಬರುವುದು ಡ್ಯಾಮು ಹಿಡಿಯಲಾರದೆ ಬಿಟ್ಟ ನೀರು. ಅದು ಕಲ್ಲೋಳ–ಯಡೂರ ಸೇತುವೆ ನುಂಗಿ, ಟಿಸಿ ಕಂಬದ ಬುಡಕ್ಕೆ ಬಂದು ನಿಂತರೆ ಮುಗಿಯಿತು, ಲೈನ್‌ಮನ್ ಲೈನ್ ತೆಗೆಯುತ್ತಾನೆ. 2019ರ ಆಗಸ್ಟ್‌ನಲ್ಲಿ ಮನೆ ಮುಳುಗಿದವರಷ್ಟೇ ಫೋನ್ ಸತ್ತವರೂ ಕಂಗಾಲಾಗಿದ್ದರು.

ನಮ್ಮ ಓಣಿಯ ಕಾಕಾನದು ಒಂದೇ ವಾದ: “ಸೈಕಲ್ ಡೈನಮೋ ಇರುವಾಗ ಹೆಸ್ಕಾಂ ಯಾಕ್ ಬೇಕೋ ತಮ್ಮಾ?” ಅವರ ಅಟ್ಲಸ್ ಸೈಕಲ್ಲಿಗೆ ಈಗಲೂ ಡೈನಮೋ ಇದೆ. ಅದರ ತಲೆಯನ್ನು ಟೈರಿಗೆ ಒತ್ತಿದರೆ ಕಿರ್ರೆನ್ನುತ್ತದೆ. ಜೋರಾಗಿ ತುಳಿದರೆ ದೀಪ ಬೆಳ್ಳಗೆ, ಏರಿನಲ್ಲಿ ಉಸಿರು ಸಿಕ್ಕಿಕೊಂಡಾಗ, ಅಂದರೆ ಬೆಳಕು ಬೇಕಾದಾಗಲೇ, ಕೆಂಪಗೆ. ಇಷ್ಟೆಲ್ಲ ಮಾಡಿ ಸಿಗುವುದು 6 ವೋಲ್ಟಿನ 3 ವ್ಯಾಟ್.

“ಮಿಕ್ಸರ್ ಹೆಂಗ್ರಿ ಕಾಕಾ?” ಎಂದೆ.

“ಒಳ್ಳ ಏನ್ ಸತ್ತೈತೇನು?”

ದೊಡ್ಡ ಯಂತ್ರ ಕಟ್ಟಿದರೂ ಲೆಕ್ಕ ಕಾಲಿನದೇ. ಸಾಧಾರಣ ಆಳು ದಣಿಯದೆ ತುಳಿದರೆ 75 ವ್ಯಾಟ್ ಆಸುಪಾಸು. ಒಂದು ಯೂನಿಟ್ಟಿಗೆ 13 ತಾಸು ತುಳಿಯಬೇಕು. ಅದರ ಬೆಲೆ ಸುಮಾರು ಆರು ರೂಪಾಯಿ. ತುಳಿದವನು ತಿನ್ನುವ ಭಕ್ಕರಿ, ಝುಣಕದ ಖರ್ಚು ಬೇರೆ. ಹಾಗಂತ ನಗಬೇಡಿ. ಫೋನಿಗೆ ಬೇಕಾದದ್ದು ಹತ್ತು ವ್ಯಾಟ್, ಎಲ್‌ಇಡಿ ಬಲ್ಬಿಗೆ ಒಂಬತ್ತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಅಂಥದೊಂದು ಬಲ್ಬು ರಾತ್ರಿಗೆ ಸಾಕು.

ಇನ್ನು ಸೂರ್ಯ. ಒಂದು ಕಿಲೋವ್ಯಾಟ್ ಫಲಕ ಒಳ್ಳೆಯ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿಯೂ ಇದೆ. ಬೀಗರು ಮಾಳಿಗೆಯ ತುಂಬ ಫಲಕ ಹಾಸಿ, ಲೈಟ್ ಹೋದ ಮಟಮಟ ಮಧ್ಯಾಹ್ನ ಬೆವರು ಒರೆಸುತ್ತ ಕೂತಿದ್ದರು. ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಜೋಡಿಸಿದ ಸೋಲಾರು ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲಿನ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂಬ ಏರ್ಪಾಡು ಅದು. ಏರ್ಪಾಡು ಸರಿಯೇ. ಮಾರಲು ಬಂದವರು ಇದನ್ನು ಮೊದಲೇ ಹೇಳಬೇಕಿತ್ತು. ಹೊಳೆ ಬರುವ ಕಾಲಕ್ಕೆ ಮೋಡ ಕವಿದು ಬ್ಯಾಟರಿಯೂ ಅರ್ಧಂಬರ್ಧ ತುಂಬುತ್ತದೆ ಎನ್ನುವುದನ್ನೂ ಸೇರಿಸಿ.

ನನ್ನ ತೀರ್ಪು ಸಣ್ಣದು: ಎರಡು ಬಲ್ಬು, ಫೋನು, ಒಂದು ಫ್ಯಾನಿಗೆ ಆಗುವಷ್ಟು ಫಲಕ ಮತ್ತು ಬ್ಯಾಟರಿ, ಮೋಡ ಬಿಡದಿದ್ದರೆ ಕಾಕಾನ ಸೈಕಲ್ಲು. ಮಿರಗ ಕೂಡುವ ಮೊದಲೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಹೊಳೆದಂಡೆಯವರಾದರೆ ಅದನ್ನು ಈಗಲೇ ಪಡಸಾಲೆಯಿಂದ ಮಾಳಿಗೆಯ ಕೋಣೆಗೆ ಏರಿಸಿ. ನೀರು ಬಂದ ಮೇಲೆ ಎತ್ತಲು ಇಬ್ಬರಾದರೂ ಬೇಕಾಗುತ್ತದೆ.