ಹಿಂದಿನ ಸೀಟಿನ ಮನದಾಳ

ಬೆಂಗಳೂರಿನ ಹೊಸೂರು ರಸ್ತೆ ಬದಿಯ ಒಂದು ಸಂಶೋಧನಾಲಯ. ಹವಾಮಾನ ಬದಲಾವಣೆ ಅಧ್ಯಯನ ಮಾಡುವ ತಂಡ, ತಾವು ಕೆಲಸಕ್ಕೆ ಹೊಗೆಯಿಲ್ಲದೆ ಬರುವುದು ಹೇಗೆಂದು ಸಭೆ ಸೇರಿತ್ತು. ಹೊರಗೆ ಹೊಂಗೆ ಮರದಡಿ ನಿಂತ ಕಾರಿನ ಹಿಂದಿನ ಸೀಟು ಮಾತಿಗೆ ಸಿಕ್ಕಿತು.

ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಕಾರು ಹೊಸದೇ?

ಆರು ವರ್ಷ ಆಯ್ತು ಸ್ವಾಮಿ. ಕೂರೋರಿದ್ದರೆ ತಾನೇ ಹರಿಯೋದು? ನನ್ನ ಪಾಲಿಗೆ ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ. ಸಾರು ಚೆಲ್ಲಬಾರದು ಅಂತ ಡಬ್ಬಿಗೆ ಬೆಲ್ಟ್ ಬೇರೆ.

ಸಭೆ ಹೇಗಿತ್ತು?

ಕಿಟಕಿ ಪಕ್ಕವೇ ನನ್ನ ಜಾಗ, ಎಲ್ಲ ಕೇಳಿಸ್ತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ಸ್ಲೈಡ್ ತೋರಿಸಿದ್ರು. ಆ ಸ್ಲೈಡು ನನ್ನ ಮೇಲೆ ಕೂತೇ ಬಂದದ್ದು. ಒಬ್ಬರು ಎಲೆಕ್ಟ್ರಿಕ್ ಕಾರು ಅಂದ್ರು. ಕೊಳ್ಳಲಿ, ಹೊಗೆ ಬರಲ್ಲ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅದೂ ಇಷ್ಟೇ ಜಾಗ ಹಿಡಿಯುತ್ತೆ, ಅದರ ಹಿಂದಿನ ಸೀಟೂ ಖಾಲಿಯೇ.

ಮೆಟ್ರೊ ಬಂದಿದೆಯಲ್ಲ?

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು. ಯಾರು ಕಾಯ್ತಾರೆ ಅಂದ್ರು ನಮ್ಮ ಸಾಹೇಬರು. ರೈಲು ಹೆಚ್ಚಾದ ಮೇಲೆ, ಇಳಿದು ನಡೆಯೋಕೆ ಫುಟ್‌ಪಾತ್ ಸರಿಯಿಲ್ಲ ಅಂದ್ರು. ಅದೇನೂ ಸುಳ್ಳಲ್ಲ. ಆದರೆ ಅದೇ ಎದ್ದ ಚಪ್ಪಡಿಗಳ ಮೇಲೆ ತಂಡದ ಪಿಎಚ್‌ಡಿ ಹುಡುಗಿ ಬಿಎಂಟಿಸಿ ಇಳಿದು ದಿನಾ ನಡೆದು ಬರ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ 2023ರಿಂದ ಅವಳಿಗೆ ಟಿಕೆಟ್ ದುಡ್ಡೂ ಇಲ್ಲ. ಸಭೆಯಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ. ನಡಾವಳಿ ಬರೆಯೋಕೆ ಹೇಳಿದ್ರು.

ನಾಲ್ವರು ಒಂದೇ ಕಾರಿನಲ್ಲಿ ಬರಬಹುದಿತ್ತು.

ಕಾನೂನು ಅಡ್ಡಿ ಅಂತಾರೆ. 2023ರಲ್ಲಿ ಸಾರಿಗೆ ಇಲಾಖೆ ಗದರಿದ್ದು ಬಿಳಿ ಬೋರ್ಡಿನ ಸ್ವಂತ ಗಾಡೀಲಿ ದುಡ್ಡಿಗೆ ಜನ ಕೂರಿಸೋ ಆ್ಯಪ್‌ಗಳನ್ನ. ಜೊತೆಗೆ ಕೆಲಸ ಮಾಡೋರನ್ನ ಪುಕ್ಕಟೆ ಕೂರಿಸಿಕೊಂಡರೆ ಯಾರು ಬೇಡ ಅಂತಾರೆ? ಜಯನಗರದಿಂದಲೇ ಮೂರು ಕಾರು, ಒಂದರ ಬಾಲ ಹಿಡಿದು ಇನ್ನೊಂದು ಬರ್ತವೆ. ಎಸಿ ಎಷ್ಟಿರಬೇಕು ಅನ್ನೋದರಲ್ಲಿ ಒಮ್ಮತವಿಲ್ಲ. 2015ರಲ್ಲಿ ಪ್ಯಾರಿಸ್‌ನಲ್ಲಿ ಭೂಮಿಯ ಬಿಸಿಯ ಮಿತಿಗೆ ದೇಶದೇಶಗಳೇ ಒಪ್ಪಿಬಿಟ್ಟವು!

ತೀರ್ಮಾನ?

ಉಪಸಮಿತಿ. ಮೊದಲ ಸಭೆ ಊರಾಚೆಯ ರೆಸಾರ್ಟಿನಲ್ಲಿ. ಅಲ್ಲಿಗೆ ಬಸ್ಸಿಲ್ಲ, ಎಲ್ಲರೂ ಅವರವರ ಕಾರಿನಲ್ಲಿ ಬರಬೇಕಂತೆ.

ನಿಮ್ಮನ್ನು ಕೇಳಿದ್ದರೆ?

ಈ ನೆರಳಿಗೆ ಬಾಡಿಗೆ ಹಾಕಿ ಅಂತಿದ್ದೆ. 2025ರಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿತು. ಇಲ್ಲಿ ಕಾರು ನಿಲ್ಲಿಸೋಕೆ ಒಂದು ರೂಪಾಯಿಯೂ ಇಲ್ಲ. ಒಬ್ಬರೇ ಬಂದ ಕಾರಿಗೆ ಶುಲ್ಕ ಹಾಕಿ, ಆ ದುಡ್ಡಲ್ಲಿ ಮೆಟ್ರೊ ನಿಲ್ದಾಣಕ್ಕೆ ಒಂದು ಮಿನಿಬಸ್ ಓಡಿಸಿ. ಉಪಸಮಿತಿಗೆ ಇದನ್ನ ದಯವಿಟ್ಟು ನೀವೇ ತಲುಪಿಸಿ; ನನ್ನ ಮಾತು ಮುಂದಿನ ಸೀಟಿಗೇ ಕೇಳಿಸಲ್ಲ.