ಏಕಸಿಲಿಂಡರ ದರ್ಶನಸಾರ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬುದನ್ನು ಮೊದಲು ನಿರ್ಣಯಿಸಬೇಕು. ಸ್ವಿಚ್ ಒತ್ತಿ ದೀಪ ಹಚ್ಚುವವರಿಗೆ ಇಲ್ಲಿ ಪ್ರವೇಶವಿಲ್ಲ. ಕಂಬದ ತಂತಿಯನ್ನು ತೊರೆದು, ಅಮೆರಿಕದ ಯಾವುದೋ ಕಾಡಂಚಿನಲ್ಲಿ ಮನೆ ಕಟ್ಟಿ, ಶೆಡ್ಡಿನಲ್ಲಿ 300 ಕಿಲೋ ಮೀರಿದ ಬೀಡುಕಬ್ಬಿಣವನ್ನು ಪ್ರತಿಷ್ಠಾಪಿಸಿ, ಬೆವರಿಳಿಯುವಂತೆ ಹ್ಯಾಂಡಲ್ ಹೊಡೆದು, ಆಮೇಲೆ ದೀಪ ಹಚ್ಚುವವನೇ ಅಧಿಕಾರಿ.

ಆದಿಕ್ಷೇತ್ರ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಡರ್ಸ್ಲಿ. ಅಲ್ಲಿ 1867ರಲ್ಲಿ ಸ್ಥಾಪನೆಯಾದ ಲಿಸ್ಟರ್ ಕಾರ್ಖಾನೆಯಿಂದ 1930ರ ಆಸುಪಾಸಿನಲ್ಲಿ ಸಿಎಸ್ ಎಂಬ ಡೀಸೆಲ್ ಇಂಜಿನ್ ಅವತರಿಸಿತು. ಲಕ್ಷಣಗಳು: ಒಂದು ಸಿಲಿಂಡರ್, ಎರಡು ಫ್ಲೈವೀಲ್, ನಾಲ್ಕೂವರೆ ಅಂಗುಲದ ಬೋರ್, ಐದೂವರೆ ಅಂಗುಲದ ಸ್ಟ್ರೋಕ್. ನಿಮಿಷಕ್ಕೆ 650 ಸುತ್ತು, ಫಲ ಆರು ಅಶ್ವಶಕ್ತಿ. ಅದೇ ಅಮೆರಿಕದ ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಜನರೇಟರು ನಿಮಿಷಕ್ಕೆ 3,600 ಸುತ್ತು ಸುತ್ತಿ ಬೇಗ ಸಾಯುತ್ತದೆ. ನಿಧಾನವೇ ಪರಮಧರ್ಮವೆಂದು ಸಂಪ್ರದಾಯಸ್ಥರು ಹೇಳುವುದು ಇದರಿಂದಲೇ.

ಡರ್ಸ್ಲಿ ಕೈಬಿಟ್ಟ ಮೇಲೂ ಪರಂಪರೆಯನ್ನು ಉಳಿಸಿದ್ದು ಗುಜರಾತಿನ ರಾಜ್‌ಕೋಟ್. ಅಲ್ಲಿನ ಎರಕದ ಮನೆಗಳ ಪ್ರತಿಕೃತಿಗೆ ಭಕ್ತರು ಇಟ್ಟ ಹೆಸರು ಲಿಸ್ಟರಾಯ್ಡ್. ಬಿಂಬದ ಮಹಿಮೆ ಪ್ರತಿಬಿಂಬಕ್ಕೂ ಉಂಟೇ ಎಂಬ ಜಿಜ್ಞಾಸೆಗೆ ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಉತ್ತರವಿದೆ. ಅಚ್ಚಿನ ಮರಳಿನ ಕಣಗಳು ಅಲ್ಲೇ ಉಳಿದಿರುವುದುಂಟು. ಎಣ್ಣೆಯ ಜತೆ ಬೇರಿಂಗ್ ಸೇರಿದರೆ ಅರೆದೇ ತೀರುತ್ತವೆ. ಆದ್ದರಿಂದ ಹೊಸ ಇಂಜಿನ್ ಕೊಂಡವನ ಪ್ರಥಮ ಕರ್ಮ ಅದನ್ನು ಚಾಲೂ ಮಾಡುವುದಲ್ಲ, ಪೂರ್ತಿ ಬಿಚ್ಚುವುದು. ತೊಳೆದು, ಉಜ್ಜಿ, ಒಳಗೋಡೆಗೆ ಬಣ್ಣ ಬಳಿದು, ಮತ್ತೆ ಜೋಡಿಸಿದ ಮೇಲೆಯೇ ಪ್ರಾಣಪ್ರತಿಷ್ಠೆ. ನಮ್ಮ ಬಯಲುಸೀಮೆಯ ಬಾವಿಯ ದಡದಲ್ಲೂ ಆಲೆಮನೆಯಲ್ಲೂ ದುಡಿದ ಆಯಿಲ್ ಇಂಜಿನ್‌ಗೆ ಆಯುಧಪೂಜೆಯ ಕುಂಕುಮವೇ ಸಾಕಾಗಿತ್ತು. ಕರೆಂಟು ಬಂದ ದಿನ ನಮ್ಮ ರೈತ ಮೋಟರು ಕೂರಿಸಿ ಅದನ್ನು ಗುಜರಿಯವನಿಗೆ ತೋರಿಸಿದ. ಅವನಿಗೆ ಬೇಕಾಗಿದ್ದು ನೀರು. ದರ್ಶನವಲ್ಲ.

ಇನ್ನು ಮತಭೇದಗಳು. ಇಂಜಿನ್ನೂ ಜನರೇಟರೂ ಒಂದೇ ಶಾಫ್ಟಿನಲ್ಲಿ ಐಕ್ಯವಾಗಬೇಕೆನ್ನುವವರು ಅದ್ವೈತಿಗಳು. ತತ್ತ್ವ ಸೊಗಸಾಗಿದೆ, ಆದರೆ ಅಮೆರಿಕದ 60 ಹರ್ಟ್ಸ್ ಬರಬೇಕಾದರೆ ಇಂಜಿನ್ನನ್ನು 600 ಸುತ್ತಿಗೆ ಇಳಿಸಿ 12 ಧ್ರುವಗಳ ಜನರೇಟರು ಹುಡುಕಬೇಕು. ಅದು ಸುಲಭಕ್ಕೆ ಸಿಗದ್ದರಿಂದ ಅದ್ವೈತಿಗಳು ಬಹುಪಾಲು ಕತ್ತಲಲ್ಲೇ ಇದ್ದಾರೆ. ದ್ವೈತಿಗಳು ನಾಲ್ಕು ಧ್ರುವಗಳ ಚೀನೀ ಜನರೇಟರನ್ನು 1,800 ಸುತ್ತಿಗೆ ಓಡಿಸಲು ನಡುವೆ ಬೆಲ್ಟು ಹಾಕುತ್ತಾರೆ. ಬೆಲ್ಟು ವಿ ಆಕಾರದ್ದೋ ಚಪ್ಪಟೆಯದೋ ಎಂಬಲ್ಲಿ ದ್ವೈತವೂ ಒಡೆದಿದೆ. ಪೀಠದ ವಿಚಾರದಲ್ಲಿ ಕಾಂಕ್ರೀಟಿನವರೂ ಮರದ ದಿಮ್ಮಿಯವರೂ ಪರಸ್ಪರ ಮಾತಾಡುವುದಿಲ್ಲ.

ಛಂದಸ್ಸಿನ ಪ್ರಶ್ನೆಯನ್ನು ಹಿಂದಿನ ವಿದ್ವಾಂಸರು ಏಕೋ ಕಡೆಗಣಿಸಿದ್ದಾರೆ. ಹೀರುವುದು, ಒತ್ತುವುದು, ಸಿಡಿಯುವುದು, ಉಗುಳುವುದು ಎಂಬ ನಾಲ್ಕು ಹೊಡೆತಗಳಲ್ಲಿ ಸಿಡಿತವೊಂದೇ ಗುರು, ಮಿಕ್ಕ ಮೂರೂ ಲಘು. ಒಟ್ಟು ಐದು ಮಾತ್ರೆ. ಐದೈದು ಮಾತ್ರೆಯ ಗಣಗಳೇ ಸಾಲಾಗಿ ಬಂದರೆ ಅದು ಲಲಿತ ರಗಳೆಯೆಂದು ಶಾಲೆಯ ಮಕ್ಕಳೂ ಬಲ್ಲರು. ನೆರೆಮನೆಯವರು ‘ಲಲಿತ’ ಎಂಬ ವಿಶೇಷಣವನ್ನು ಮಾತ್ರ ಒಪ್ಪುವುದಿಲ್ಲ. ಸೆಕೆಂಡಿಗೆ ಸುಮಾರು 5.4 ಗಣಗಳಂತೆ ಬಲ್ಬು ಮಿಣುಕುವುದರಿಂದ ಈ ಕಾವ್ಯಕ್ಕೆ ಪ್ರಸ್ತಾರ ಹಾಕಲು ಕಾಗದ ಬೇಡ, ದೀಪ ನೋಡಿದರೆ ಸಾಕು.

ಈಗ ಪೂರ್ವಪಕ್ಷ. ಸೋಲಾರ್ ಫಲಕವೂ ಬ್ಯಾಟರಿಯೂ ಅಗ್ಗವಾಗಿರುವಾಗ ಈ ಹೊಗೆ ಏಕೆ? ಪ್ರಶ್ನೆ ಬಲವಾದದ್ದೇ. ಸಮಾಧಾನವೂ ಇದೆ: ಹಿಮ ಬೀಳುವ ಡಿಸೆಂಬರಿನಲ್ಲಿ ಫಲಕ ಮಲಗುತ್ತದೆ, ಮನೆಯೂ ನಡುಗುತ್ತದೆ. ಡೀಸೆಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಶಾಫ್ಟಿಗೆ, ಒಂದು ಪಾಲು ತಂಪುನೀರಿಗೆ, ಒಂದು ಪಾಲು ಹೊಗೆಗೆ. ಜಾಣನಾದವನು ಆ ಬಿಸಿನೀರನ್ನು ಕೋಣೆಗೆ ಹಾಯಿಸಿ ಚಳಿ ಕಾಯಿಸಿಕೊಳ್ಳುತ್ತಾನೆ. ಇಂಧನವೂ ಡೀಸೆಲೇ ಆಗಬೇಕಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತು. ಹೋಟೆಲಿನ ಕರಿದ ಎಣ್ಣೆಯನ್ನು ಸೋಸಿ ಕಾಯಿಸಿ ಎರೆಯುವವರ ಶೆಡ್ಡಿನಿಂದ ಇಂದಿಗೂ ಆಲೂಗಡ್ಡೆಯ ಪರಿಮಳ ಬರುತ್ತದೆ.

ಇವೆಲ್ಲ ಹೊರಗಿನವರಿಗೆ ಹೇಳುವ ಕಾರಣಗಳು. ಸಿದ್ಧಾಂತ ಬೇರೆ. ಕರೆಂಟು ಇಲ್ಲಿ ಅವಾಂತರ ಫಲ, ಮುಖ್ಯ ಫಲ ಸ್ಪ್ಯಾನರ್. ಸೋಲಾರ್ ಫಲಕಕ್ಕೆ ಟ್ಯಾಪೆಟ್ ಇಲ್ಲ, ಎಣ್ಣೆ ಬದಲಿಸುವಂತಿಲ್ಲ, ರಾತ್ರಿ ಹತ್ತಕ್ಕೆ ‘ಸದ್ದು ಯಾಕೋ ಬೇರೆಯಾಯಿತು’ ಎಂದು ಊಟ ಬಿಟ್ಟು ಏಳಲು ನೆಪವಿಲ್ಲ. ಲೈನ್‌ಮನ್ನಿನ ಹಂಗು ಬೇಡವೆಂದು ಕಾಡಿಗೆ ಬಂದವನು ತಾನೇ ಲೈನ್‌ಮನ್ ಆಗಿ, ಮೇಲಧಿಕಾರಿಯೂ ದೂರುದಾರನೂ ಆಗಿ ಸುಖವಾಗಿದ್ದಾನೆ. ಸ್ವಾವಲಂಬನೆ ಪೂರ್ಣ, ಡರ್ಸ್ಲಿಯ ನಕ್ಷೆ, ರಾಜ್‌ಕೋಟಿನ ಎರಕ, ಚೀನದ ತಾಮ್ರ, ಊರ ಹೋಟೆಲಿನ ಬಾಣಲೆ ಇವಿಷ್ಟನ್ನು ಬಿಟ್ಟು.

ಅಪವಾದವೊಂದು ಉಳಿಯಿತು. ಹೊಗೆಯ ಪ್ರಮಾಣಪತ್ರವಿಲ್ಲದ ಇಂಜಿನ್ ಆಮದಾಗಕೂಡದೆಂದು ಅಮೆರಿಕದ ಪರಿಸರ ಸಂಸ್ಥೆ ಬಾಗಿಲು ಹಾಕಿತು. ವಿಗ್ರಹ ಭಿನ್ನವಾದರೆ ಪೂಜೆಗಿಲ್ಲವೆಂದು ನಮ್ಮ ದೇವಸ್ಥಾನಗಳ ವಾಡಿಕೆ. ಇಲ್ಲಿನ ಭಕ್ತರು ಭಿನ್ನವಾದದ್ದನ್ನೇ ಬಯಸಿ, ಇಡೀ ಇಂಜಿನ್ ಬಿಟ್ಟು ಬಿಡಿಭಾಗಗಳ ಪೆಟ್ಟಿಗೆಗಳತ್ತ ತಿರುಗಿದರು. ಮರಳು ತೆಗೆಯಲು ಹೇಗೂ ಬಿಚ್ಚಲೇಬೇಕಾಗಿದ್ದವರಿಗೆ ಸರ್ಕಾರದ ದಯೆಯಿಂದ ಅರ್ಧ ಕೆಲಸ ಉಳಿಯಿತು.